ಅಡುಗೆಮನೆಯಿಲ್ಲದ ಕೋಟೆ

ಇಟಲಿಯವರು ತಮ್ಮ ಯೂರೋ ನಾಣ್ಯಗಳಿಗೆ ಚಿತ್ರ ಆರಿಸಿದಾಗ ಕವಿ ಡಾಂಟೆಗೆ ಎರಡು ಯೂರೋ ಸಿಕ್ಕಿತು. ಲಿಯೊನಾರ್ಡೊ ಬರೆದ, ಕೈಕಾಲು ಚಾಚಿ ನಿಂತ ಮನುಷ್ಯನಿಗೆ ಒಂದು ಯೂರೋ. ರೋಮಿನ ಕೊಲೊಸಿಯಮ್ಮಿಗೆ ಐದು ಸೆಂಟ್. ಎಲ್ಲಕ್ಕಿಂತ ಸಣ್ಣದಾದ ಒಂದು ಸೆಂಟಿನ ತಾಮ್ರಬಣ್ಣದ ಬಿಲ್ಲೆ ದಕ್ಷಿಣದ ಪುಲಿಯಾ ಸೀಮೆಯ ಒಂದು ಗುಡ್ಡದ ಕೋಟೆಗೆ ಹೋಯಿತು. ಅದರ ಹೆಸರು ಕಾಸ್ಟೆಲ್ ದೆಲ್ ಮೊಂತೆ. 2018ರಿಂದ ಟಂಕಸಾಲೆಯವರು ಆ ನಾಣ್ಯವನ್ನು ಅಚ್ಚು ಹಾಕುವುದನ್ನೇ ನಿಲ್ಲಿಸಿದ್ದಾರೆ. ಉತ್ತರದವರು ನಮಗೆ ಕೊಡುವ ಮರ್ಯಾದೆ ಯಾವತ್ತೂ ಇಷ್ಟೇ ಎಂದು ಬಾರಿ ನಗರದ ಕಾಫಿ ಅಂಗಡಿಯಲ್ಲಿ ಹಿರಿಯರೊಬ್ಬರು ಗೊಣಗಿದರು. ಗೊಣಗಾಟದಲ್ಲಿ ಅರ್ಧ ಹೆಮ್ಮೆಯೂ ಇತ್ತು.

ಬಾರಿಯಲ್ಲಿ ಓದುತ್ತಿರುವ ನನ್ನ ಸೋದರಳಿಯ ಗೆಳೆಯನೊಬ್ಬನ ಹಳೆಯ ಕಾರು ಕೇಳಿ ತಂದಿದ್ದ. ಊರು ದಾಟಿದರೆ ಆಲಿವ್ ತೋಪು. ಅದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಆಲಿವ್ ತೋಪು. ಕೊರಾಟೊ ಎಂಬ ಪಟ್ಟಣದ ಹೆಸರಿನಲ್ಲೇ ಇಲ್ಲಿ ಕೊರಾತಿನಾ ಎಂಬ ಆಲಿವ್ ತಳಿಯಿದೆ. ಅದರ ಎಣ್ಣೆ ಗಂಟಲಿಗೆ ಇಳಿಯುವಾಗ ಕಾಳುಮೆಣಸು ಜಗಿದಂತೆ ಖಾರ. ಮುಂದೆ ನೆಲ ಮೆಲ್ಲಗೆ ಏರುತ್ತದೆ, ಮರಗಳು ಚದುರುತ್ತವೆ, ಮಣ್ಣಿಗಿಂತ ಕಲ್ಲೇ ಹೆಚ್ಚಾಗುತ್ತದೆ. ಈ ಸುಣ್ಣಕಲ್ಲಿನ ಪ್ರಸ್ಥಭೂಮಿಗೆ ಮುರ್ಜಾ ಎಂದು ಹೆಸರು. ಗಾರೆಯಿಲ್ಲದೆ ಒಟ್ಟಿದ ಕಲ್ಲಿನ ಪಾಗಾರಗಳು, ಪಾಳುಬಿದ್ದ ಕುರಿದೊಡ್ಡಿಗಳು, ಅಲ್ಲಲ್ಲಿ ಗೋಧಿಯ ಹಸಿರು, ಇಷ್ಟೇ. ಮಳೆ ಬಿದ್ದರೂ ಸುಣ್ಣಕಲ್ಲು ಅದನ್ನು ಕುಡಿದುಬಿಡುತ್ತದೆ, ಹೊಳೆ ಹರಿಯುವುದಿಲ್ಲ. ಈ ನೀರಿನ ಸಂಗತಿ ಮುಂದೆ ಮತ್ತೆ ಬರುತ್ತದೆ.

ಕೋಟೆ ಕಾಣುವುದು ಬಹಳ ದೂರದಿಂದಲೇ. ಸಮುದ್ರಮಟ್ಟಕ್ಕಿಂತ 540 ಮೀಟರ್ ಎತ್ತರದ ಗುಡ್ಡ ಅಂಥ ದೊಡ್ಡದೇನಲ್ಲ. ಆದರೆ ಸುತ್ತಮುತ್ತ ಅದಕ್ಕೆ ಎದುರಾಗಿ ನಿಲ್ಲುವಂಥದ್ದು ಇನ್ನೊಂದಿಲ್ಲ. ಬಿಸಿಲಿಗೆ ತಕ್ಕಂತೆ ಕಲ್ಲಿನ ಬಣ್ಣ ಬದಲಾಗುತ್ತದೆ. ನಾವು ಹೋದ ಬೆಳಿಗ್ಗೆ ಬೂದಿಬಿಳಿ ಇದ್ದದ್ದು ಮಧ್ಯಾಹ್ನದ ಹೊತ್ತಿಗೆ ಹಳದಿಗೆ ತಿರುಗಿತ್ತು. ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಿ ಪೈನ್ ಮರಗಳ ನಡುವೆ ಹತ್ತಿದೆವು.

ಹತ್ತಿರ ಹೋದಾಗ ಮೊದಲು ಅನಿಸುವುದು ಇಷ್ಟೇನಾ ಎಂದು. ಚಿತ್ರದುರ್ಗವನ್ನು ಕಂಡು ಬೆಳೆದ ಕಣ್ಣಿಗೆ ಕೋಟೆ ಅಂದರೆ ಸುತ್ತಿನ ಮೇಲೆ ಸುತ್ತು, ಕಣಜ, ಹೊಂಡ, ಗುಡಿ, ಗರಡಿ, ಕಳ್ಳದಾರಿ, ಒಂದು ಇಡೀ ಊರು. ಇಲ್ಲಿ ಅದ್ಯಾವುದೂ ಇಲ್ಲ. ಬೋಳುಗುಡ್ಡದ ನೆತ್ತಿಯಲ್ಲಿ ಒಂದೇ ಒಂದು ಕಟ್ಟಡ, ಅದಕ್ಕೆ ಎಂಟು ಮುಖ. ಎಂಟು ಮೂಲೆಗೂ ಒಂದೊಂದು ಗೋಪುರ, ಪ್ರತಿ ಗೋಪುರಕ್ಕೂ ಮತ್ತೆ ಎಂಟು ಮುಖ, ಎತ್ತರ ಸುಮಾರು 24 ಮೀಟರ್. ಒಳಗೆ ಎಂಟು ಮುಖದ ಅಂಗಳ. ಕೆಳಗೆ ಎಂಟು ಕೋಣೆ, ಮಹಡಿಯಲ್ಲಿ ಎಂಟು. ಅಳಿಯ ಕಟ್ಟಡಕ್ಕೆ ಒಂದು ಸುತ್ತು ಹಾಕಿ ಬಂದು ಕೇಳಿದ: “ಮಾಮ, ಕಂದಕ ಇಲ್ಲ, ಲಾಯ ಇಲ್ಲ. ಇನ್ನೂರು ಜನ ಸೈನಿಕರು ಎಲ್ಲಿ ಮಲಗ್ತಿದ್ರು? ಅಡುಗೆಮನೆ ಎಲ್ಲಿ?”

ನೂರಾರು ವರ್ಷಗಳಿಂದ ವಿದ್ವಾಂಸರು ತಲೆ ಕೆಡಿಸಿಕೊಂಡಿರುವುದೂ ಇದೇ ಪ್ರಶ್ನೆಗೆ. ಮರದ ಲಾಯ, ಅಡುಗೆಯ ಕೊಟ್ಟಿಗೆಗಳು ಹೊರಗೆ ಇದ್ದು ಹಾಳಾಗಿರಬಹುದು ಎನ್ನುವವರಿದ್ದಾರೆ. ಇರಬಹುದು. ಈಗ ಉಳಿದಿರುವ ಕಲ್ಲಿನ ಕಟ್ಟಡದ ಒಳಗಂತೂ ಅಡುಗೆಮನೆ ಇದು ಎಂದು ಬೆರಳು ಮಾಡಿ ತೋರಿಸುವ ಜಾಗವಿಲ್ಲ.

ಕಟ್ಟಿಸಿದವನು ಎರಡನೆಯ ಫ್ರೆಡರಿಕ್. ಹುಟ್ಟಿದ್ದು 1194ರಲ್ಲಿ, ಮಧ್ಯ ಇಟಲಿಯ ಯೆಸಿ ಎಂಬ ಊರಿನಲ್ಲಿ. ತಂದೆಯ ಕಡೆಯಿಂದ ಜರ್ಮನ್ ಚಕ್ರವರ್ತಿ ಬಾರ್ಬರೋಸನ ಮೊಮ್ಮಗ, ತಾಯಿಯ ಕಡೆಯಿಂದ ಸಿಸಿಲಿಯ ನಾರ್ಮನ್ ದೊರೆ ರೋಜರನ ಮೊಮ್ಮಗ. ನಾಲ್ಕು ತುಂಬುವ ಮೊದಲೇ ಸಿಸಿಲಿಯ ಕಿರೀಟ ತಲೆಗೆ ಬಂತು, 1220ರಲ್ಲಿ ರೋಮಿನಲ್ಲಿ ಚಕ್ರವರ್ತಿ ಪಟ್ಟ. ಬೆಳೆದದ್ದು ಪಲೆರ್ಮೊದಲ್ಲಿ. ಅಲ್ಲಿ ಅರಬ್ಬಿ, ಗ್ರೀಕ್, ಲ್ಯಾಟಿನ್ ಮೂರೂ ಬೀದಿಯ ಮಾತು. 1224ರಲ್ಲಿ ನೇಪಲ್ಸಿನಲ್ಲಿ ವಿಶ್ವವಿದ್ಯಾಲಯ ತೆರೆದ, 1231ರಲ್ಲಿ ತನ್ನ ಸಿಸಿಲಿ ರಾಜ್ಯಕ್ಕೆ ಒಂದು ಕಾನೂನು ಸಂಹಿತೆಯನ್ನೇ ಬರೆಸಿದ. ಧರ್ಮಯುದ್ಧಕ್ಕೆ ಹೊರಡಲು ತಡಮಾಡಿದ್ದಕ್ಕೆ ಪೋಪ್ ಗ್ರೆಗರಿ 1227ರಲ್ಲಿ ಅವನನ್ನು ಬಹಿಷ್ಕರಿಸಿದರು. ಬಹಿಷ್ಕಾರ ಹೊತ್ತುಕೊಂಡೇ ಹೊರಟವನು 1229ರಲ್ಲಿ ಸುಲ್ತಾನ ಅಲ್ ಕಾಮಿಲ್ ಜತೆ ಮಾತುಕತೆ ನಡೆಸಿ ಯುದ್ಧವಿಲ್ಲದೆ ಜೆರುಸಲೇಮನ್ನು ಪಡೆದ. ಕತ್ತಿ ಎತ್ತದೆ ಗೆದ್ದನಲ್ಲ ಎಂದು ಕ್ರೈಸ್ತ ಜಗತ್ತಿನಲ್ಲಿ ಮೆಚ್ಚಿದವರಿಗಿಂತ ಸಿಟ್ಟಾದವರೇ ಹೆಚ್ಚು.

ಆ ಸುಲ್ತಾನ ಅವನಿಗೆ ಒಂದು ಆನೆಯನ್ನು ಉಡುಗೊರೆ ಕೊಟ್ಟಿದ್ದ. 1237ರಲ್ಲಿ ಕೊರ್ತೆನುವೋವಾದ ಯುದ್ಧದಲ್ಲಿ ಮಿಲಾನಿನವರನ್ನು ಸೋಲಿಸಿದಾಗ ಅವರ ಧ್ವಜದ ಬಂಡಿಯನ್ನು ಈ ಆನೆಯಿಂದಲೇ ಎಳೆಸಿ ಕ್ರೆಮೋನಾ ನಗರದಲ್ಲಿ ಮೆರವಣಿಗೆ ಮಾಡಿಸಿದ. ಒಂದು ಬಿಳಿಯ ಕಾಕಟೂ ಗಿಳಿಯೂ ಬಂದಿತ್ತು. ಆಸ್ಟ್ರೇಲಿಯಾದ ಉತ್ತರಕ್ಕಿರುವ ದ್ವೀಪಗಳ ಕಡೆಯ ಹಕ್ಕಿ ಅದು, ಎಷ್ಟು ಹಡಗು ಬದಲಾಯಿಸಿ ಇಟಲಿ ಮುಟ್ಟಿತೋ! ಅದರ ಚಿತ್ರ ಫ್ರೆಡರಿಕ್ ಬರೆದ ಡೇಗೆ ಬೇಟೆಯ ಗ್ರಂಥದ ವ್ಯಾಟಿಕನ್ ಪ್ರತಿಯಲ್ಲಿ ಈಗಲೂ ಇದೆ. ಆ ಗ್ರಂಥ ಬರಿಯ ಬೇಟೆಗಾರನ ಡೌಲಿನದಲ್ಲ. ಹಕ್ಕಿಗಳ ಗೂಡು, ವಲಸೆ, ರೆಕ್ಕೆಯ ರಚನೆಯನ್ನು ಕಣ್ಣಾರೆ ಕಂಡು ಬರೆದದ್ದು. ತಾನು ಕಂಡದ್ದಕ್ಕೆ ಹೊಂದದ ಕಡೆ ಅರಿಸ್ಟಾಟಲನನ್ನೇ ತಪ್ಪು ಎನ್ನುವ ಎದೆಗಾರಿಕೆ ಅವನಿಗಿತ್ತು.

ಇಂಥವನು ಕಟ್ಟಿಸಿದ ಈ ಕೋಟೆಯ ಬಗ್ಗೆ ಅವನ ಕಾಲದಿಂದ ನಮಗೆ ಮುಖ್ಯವಾಗಿ ದಕ್ಕಿರುವುದು ಒಂದು ಪತ್ರ. 1240ರ ಜನವರಿ 29ರಂದು ಗುಬ್ಬಿಯೊದಿಂದ ತನ್ನ ಅಧಿಕಾರಿ ರಿಕ್ಕಾರ್ದೊ ದ ಮೊಂತೆಫುಸ್ಕೊಲೊಗೆ ಬರೆಸಿದ್ದು. ಗುಡ್ಡದ ಸಾಂತಾ ಮರಿಯಾ ಚರ್ಚಿನ ಬಳಿ ನಾವು ಕಟ್ಟಿಸಬಯಸುವ ಕೋಟೆಗೆ ಬೇಕಾದ್ದನ್ನು ತಡಮಾಡದೆ ಒದಗಿಸು ಎಂಬುದು ಅದರ ಸಾರಾಂಶ. ಆ ಚರ್ಚು ಈಗಿಲ್ಲ. ಪತ್ರ ಹೊರಟಾಗ ಕಟ್ಟಡ ಶುರುವಾಗುತ್ತಿತ್ತೋ, ಚಾವಣಿಯ ಹಂತಕ್ಕೆ ಬಂದಿತ್ತೋ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಆ ಪತ್ರದ ಹೊತ್ತು. 1239ರಲ್ಲಿ ಪೋಪ್ ಅವನನ್ನು ಎರಡನೆಯ ಸಲ ಬಹಿಷ್ಕರಿಸಿದ್ದರು. ಅವನು ಸೈನ್ಯ ಕಟ್ಟಿಕೊಂಡು ಪೋಪರ ನೆಲದಲ್ಲೇ ಅಲೆಯುತ್ತಿದ್ದ. ಅಂಥ ಚಳಿಗಾಲದಲ್ಲಿ, ದಂಡಿನ ನಡುವೆ, ಪುಲಿಯಾದ ಬೋಳುಗುಡ್ಡದ ಕಲ್ಲುಕೆಲಸ ಅವನ ನೆನಪಿನಲ್ಲಿತ್ತು.

ಆ ಪತ್ರವಿದ್ದ ರಾಜ ದಫ್ತರದ ಮೂಲ ಪ್ರತಿ ಈಗಿಲ್ಲ. ಎರಡನೆಯ ಮಹಾಯುದ್ಧದಲ್ಲಿ ನೇಪಲ್ಸಿನ ಪತ್ರಾಗಾರದ ಅಮೂಲ್ಯ ದಾಖಲೆಗಳನ್ನು ಬಾಂಬಿನಿಂದ ಉಳಿಸಲೆಂದು ನೋಲಾ ಪಟ್ಟಣದ ಹತ್ತಿರದ ಒಂದು ಹಳ್ಳಿಮನೆಗೆ ಸಾಗಿಸಿದ್ದರು. 1943ರ ಸೆಪ್ಟೆಂಬರ್ 30ರಂದು ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನಿಕರು ಆ ಮನೆಗೆ ಬೆಂಕಿಯಿಟ್ಟರು. ಜರ್ಮನ್ ಚಕ್ರವರ್ತಿಯೊಬ್ಬನ ಕಾಗದಗಳು ಜರ್ಮನರ ಕೈಯಲ್ಲೇ ಬೂದಿಯಾದವು. ಹಿಂದೆಯೇ ಅಚ್ಚಾದ ಪುಸ್ತಕ ಮತ್ತು ತೆಗೆದಿಟ್ಟ ಛಾಯಾಚಿತ್ರಗಳಿಂದಾಗಿ ಒಕ್ಕಣೆಯಷ್ಟು ಉಳಿದಿದೆ.

ಹೆಬ್ಬಾಗಿಲು ಪೂರ್ವಕ್ಕಿದೆ. ಎರಡು ಕಡೆಯಿಂದ ಮೆಟ್ಟಿಲು ಏರಿ ಬಂದು ಅದರ ಮುಂದೆ ಸೇರುತ್ತದೆ. ಇಡೀ ಗೋಡೆ ಊರಿನ ಸುಣ್ಣಕಲ್ಲಾದರೆ ಬಾಗಿಲ ಚೌಕಟ್ಟು ಮಾತ್ರ ಕೆಂಪು. ಕೆಂಪುಮಣ್ಣಿನಲ್ಲಿ ಕಲ್ಲಿನ ಚೂರುಗಳನ್ನು ಕಲಸಿ ಗಟ್ಟಿಯಾಗಿಸಿದಂತೆ ಕಾಣುವ ಇದನ್ನು ಇಲ್ಲಿಯವರು ಬ್ರೆಚ್ಚಾ ಕೊರಲ್ಲಿನಾ ಎನ್ನುತ್ತಾರೆ. ಎರಡು ಪಕ್ಕದಲ್ಲಿ ಗೀರುಗಳಿರುವ ಚಪ್ಪಟೆ ಕಂಬ, ಮೇಲೆ ರೋಮನ್ ದೇವಾಲಯದಂಥ ತ್ರಿಕೋನ ಶಿಖೆ, ನಡುವೆ ಚೂಪು ತುದಿಯ ಗಾಥಿಕ್ ಕಮಾನು, ಕಂಬಗಳ ನೆತ್ತಿಯಲ್ಲಿ ಸಿಂಹಗಳು. ಇನ್ನೊಬ್ಬ ಮಾಡಿದ್ದರೆ ಕಲಸುಮೇಲೋಗರ ಆಗುತ್ತಿತ್ತು. ಇಲ್ಲಿ ಮಾತ್ರ ರೋಮಿನ ಸೀಸರನೂ ಫ್ರಾನ್ಸಿನ ಮಠದ ಕಲ್ಲುಕುಟಿಗನೂ ಒಂದೇ ಪಂಕ್ತಿಯಲ್ಲಿ ಕೂತಿದ್ದಾರೆ. ಚೌಕಟ್ಟಿನ ಒಳಬದಿಯಲ್ಲಿ ಕಬ್ಬಿಣದ ಜಾಲರಿ ಮೇಲಿನಿಂದ ಇಳಿಯುವ ತೋಡು ಕಾಣುತ್ತದೆ. ಅದನ್ನು ಏರಿಸಿ ಇಳಿಸುತ್ತಿದ್ದದ್ದು ನೇರ ಮೇಲಿನ ಕೋಣೆಯಿಂದ. ಕಾವಲಿನ ಯೋಚನೆಯೇ ಇರಲಿಲ್ಲ ಎನ್ನುವಂತಿಲ್ಲ.

ಒಳಗಿನ ಕೋಣೆಗಳಲ್ಲಿ ಕಲ್ಲುಕೆಲಸದವರು ಎದುರಿಸಿದ ತೊಡಕನ್ನು ಗಮನಿಸಬೇಕು. ಎಂಟು ಮುಖದ ಉಂಗುರವನ್ನು ಎಂಟು ತುಂಡು ಮಾಡಿದರೆ ಪ್ರತಿ ಕೋಣೆಯೂ ಒಂದು ಕಡೆ ಅಗಲ, ಒಂದು ಕಡೆ ಕಿರಿದು. ಇಂಥ ಸೊಟ್ಟ ಕೋಣೆಗೆ ಕಮಾನಿನ ಚಾವಣಿ ಹೊದಿಸುವುದು ಸುಲಭವಲ್ಲ. ಅವರು ಕೋಣೆಯನ್ನು ಮನಸ್ಸಿನಲ್ಲೇ ಮೂರು ಭಾಗ ಮಾಡಿದರು: ನಡುವೆ ಒಂದು ಚೌಕ, ಎರಡು ಬದಿಗೆ ಎರಡು ತ್ರಿಕೋನ. ಚೌಕಕ್ಕೆ ಪಕ್ಕೆಲುಬುಗಳು ಅಡ್ಡಹಾಯುವ ಕಮಾನು, ತ್ರಿಕೋನಗಳಿಗೆ ದೋಣಿ ಕವುಚಿದ ಹಾಗಿನ ಚೂಪು ಕಮಾನು. ಹದಿನಾರು ಕೋಣೆಗೂ ಇದೊಂದೇ ಉಪಾಯ. ಕೆಳಗಿನ ಅಂತಸ್ತಿನಲ್ಲಿ ಕೆಂಪುಕಲ್ಲಿನ ಅರೆಗಂಬಗಳು, ಮಹಡಿಯಲ್ಲಿ ಮೂರುಮೂರರ ಗೊಂಚಲಾಗಿ ನಿಂತ ತೆಳ್ಳನೆಯ ಅಮೃತಶಿಲೆಯ ಕಂಬಗಳು. ಅಂಗಳಕ್ಕೆ ಬಾಗಿಲು ಇರುವುದು ಕೆಳಗಿನ ಮೂರೇ ಕೋಣೆಗಳಿಗೆ. ಕೆಲವು ಕೋಣೆಗಳಿಂದ ಪಕ್ಕದ್ದಕ್ಕೆ ದಾರಿಯೇ ಇಲ್ಲ, ಬಂದ ದಾರಿಯಲ್ಲೇ ತಿರುಗಬೇಕು. ಹೊರಗಿನಿಂದ ಅಷ್ಟು ನೇರವಾಗಿ ಕಾಣುವ ಕಟ್ಟಡ ಒಳಗೆ ಹೊಕ್ಕವನನ್ನು ದಾರಿ ತಪ್ಪಿಸುತ್ತದೆ. ನಾನು ಒಂದೇ ಕೋಣೆಯನ್ನು ಬೇರೆ ಎಂದುಕೊಂಡು ಮತ್ತೆ ನೋಡಿದೆ.

ಮಹಡಿಯ ಕಿಟಕಿಗಳ ಪಕ್ಕ ಕಲ್ಲಿನ ಆಸನಗಳಿವೆ. ಹೆಚ್ಚಿನವು ಜೋಡಿ ಕಮಾನಿನವು, ಒಂದಕ್ಕೆ ಮಾತ್ರ ಮೂರು ಕಮಾನು. ಅದು ಆಂಡ್ರಿಯಾ ಊರಿನ ಕಡೆಗಿದೆ. ಫ್ರೆಡರಿಕನ ಇಬ್ಬರು ರಾಣಿಯರನ್ನು, ಜೆರುಸಲೇಮಿನ ಯೊಲಾಂದಾ ಮತ್ತು ಇಂಗ್ಲೆಂಡಿನ ಇಸಬೆಲ್ಲಾರನ್ನು, ಮಣ್ಣುಮಾಡಿದ್ದು ಆಂಡ್ರಿಯಾದ ದೊಡ್ಡ ಚರ್ಚಿನಲ್ಲಿ. ಅದಕ್ಕೇ ಆ ದೊಡ್ಡ ಕಿಟಕಿ ಎಂದು ಕತೆ ಕಟ್ಟಬಹುದು. ಕಟ್ಟಿದವರೂ ಇದ್ದಾರೆ. ಮೂರು ಕಮಾನಿನ ಮೂಲಕ ಗಾಳಿ ಮಾತ್ರ ಚೆನ್ನಾಗಿ ಬರುತ್ತದೆ.

ಈಗ ನೀರಿಗೆ ಬರುತ್ತೇನೆ. ಗುಡ್ಡದ ಮೇಲೆ ಬುಗ್ಗೆ ಇಲ್ಲ, ಬಾವಿ ತೋಡಿದರೆ ಕಲ್ಲು. ಹಾಗಾಗಿ ಚಾವಣಿಯ ಮೇಲೆ ಬಿದ್ದ ಮಳೆಯನ್ನೆಲ್ಲ ಇಳಿಜಾರಿನಲ್ಲಿ ಹರಿಸಿ ಕೆಲವು ಗೋಪುರಗಳ ತಲೆಯಲ್ಲಿರುವ ತೊಟ್ಟಿಗಳಿಗೂ, ಅಂಗಳದ ನೆಲದಡಿಯ ದೊಡ್ಡ ತೊಟ್ಟಿಗೂ ತುಂಬಿಸುತ್ತಿದ್ದರು. ಗೋಪುರಗಳಲ್ಲಿ ಕೆಲವಕ್ಕೆ ಸುರುಳಿ ಮೆಟ್ಟಿಲು, ಕೆಲವಕ್ಕೆ ಶೌಚಾಲಯ. ಶೌಚಾಲಯ ಎಂದರೆ ಗೋಡೆಯ ತೂತಲ್ಲ. ಕೂರಲು ಜಾಗ, ಗಾಳಿಗೆ ಕಿಂಡಿ, ಪಕ್ಕದಲ್ಲಿ ಕೈತೊಳೆಯುವ ಕಲ್ಲುಮರಿಗೆ, ಮೇಲಿನಿಂದ ಹರಿದುಬರುವ ನೀರು. 13ನೆಯ ಶತಮಾನದ ಯೂರೋಪಿನಲ್ಲಿ ಅರಮನೆಗಳಿಗೂ ಈ ಭಾಗ್ಯ ಅಪರೂಪ. ಅರಬ್ಬರ ಸ್ನಾನಗೃಹಗಳನ್ನು ಕಂಡಿದ್ದ, ಪದೇ ಪದೇ ಸ್ನಾನ ಮಾಡುತ್ತಾನೆ ಎಂದು ವಿರೋಧಿಗಳಿಂದ ಬೈಸಿಕೊಂಡಿದ್ದ ದೊರೆಯ ಗುರುತು ನನಗೆ ಸಿಕ್ಕಿದ್ದು ಆ ಮರಿಗೆಯಲ್ಲಿ. ಆಮೇಲೆ ತಲೆಯೆತ್ತಿ ನೋಡಿದರೆ ಒಂದು ಗೋಪುರದ ಚಾವಣಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ ಪುಟ್ಟ ಬೆತ್ತಲೆ ಮನುಷ್ಯರು ಕಮಾನನ್ನು ಹೆಗಲ ಮೇಲೆ ಹೊತ್ತಿದ್ದಾರೆ. ಮುಖದಲ್ಲಿ ಭಾರದ ಸಂಕಟ ಎದ್ದು ಕಾಣುತ್ತದೆ. ಯಾರೂ ನೋಡದ ಜಾಗದಲ್ಲಿ ಇಷ್ಟು ಚೆನ್ನಾಗಿ ಕೆತ್ತಿದವನ ಹೆಸರು ಎಲ್ಲೂ ದಾಖಲಾಗಿಲ್ಲ.

ಆದರೆ ಇಲ್ಲಿಗೆ ಬರುವ ಬಹುಮಂದಿಗೆ ಬೇಕಾದದ್ದು ನೀರೂ ಅಲ್ಲ, ಕಲ್ಲುಕುಟಿಗನೂ ಅಲ್ಲ. ಅವರಿಗೆ ಬೇಕಾದದ್ದು ಎಂಟರ ರಹಸ್ಯ. ಅಂಗಳದಲ್ಲಿ ಒಂದು ಗುಂಪಿನ ಮುಂದೆ ಒಬ್ಬರು ಕೈಯೆತ್ತಿ ಭಾಷಣ ಮಾಡುತ್ತಿದ್ದರು: ಸಂಕ್ರಮಣದ ದಿನ ನೆರಳು ಎಲ್ಲಿ ಬೀಳುತ್ತದೆ, ಈಜಿಪ್ಟಿನ ಪಿರಮಿಡ್ಡಿಗೂ ಇದಕ್ಕೂ ಏನು ನಂಟು, ಯೇಸುವಿನ ಪವಿತ್ರ ಪಾತ್ರೆ ಇಲ್ಲಿ ಎಷ್ಟು ಕಾಲ ಇತ್ತು. ಪೀಸಾದ ಗಣಿತಜ್ಞ ಫಿಬೊನಾಚ್ಚಿಯೇ ನಕ್ಷೆ ಹಾಕಿದ ಎಂಬುದೂ ಬಂತು. ಫಿಬೊನಾಚ್ಚಿ ಫ್ರೆಡರಿಕನಿಗೆ ಗೊತ್ತಿದ್ದದ್ದು ನಿಜ. 1225ರಲ್ಲಿ ತನ್ನ ಒಂದು ಗಣಿತಗ್ರಂಥವನ್ನು ಅವನಿಗೇ ಅರ್ಪಿಸಿದ್ದಾನೆ. ಭಾರತದ ಅಂಕಿಗಳಲ್ಲಿ ಲೆಕ್ಕ ಮಾಡುವುದನ್ನು ಇಟಲಿಯ ವ್ಯಾಪಾರಿಗಳಿಗೆ ವಿಸ್ತಾರವಾಗಿ ಹೇಳಿಕೊಟ್ಟ ಪುಸ್ತಕವೂ ಅವನದೇ. ಅಷ್ಟಕ್ಕೇ ಈ ಕೋಟೆಯ ನಕ್ಷೆ ಅವನದು ಎಂದಾಗುವುದಿಲ್ಲ. ಹಾಗೆಂದು ಹೇಳುವ ಒಂದು ಸಾಲೂ ಇಲ್ಲ.

ಎಂಟು ಎಲ್ಲಿಂದ ಬಂತು ಎಂಬುದಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ ಎಂಬುದು ನನ್ನ ಎಣಿಕೆ. ಫ್ರೆಡರಿಕನಿಗೆ 1215ರಲ್ಲಿ ಜರ್ಮನಿಯ ಕಿರೀಟ ತೊಡಿಸಿದ್ದು ಆಖೆನ್ ನಗರದಲ್ಲಿ, ಶಾರ್ಲೆಮಾನ್ ಕಟ್ಟಿಸಿದ ಚರ್ಚಿನಲ್ಲಿ. ಅದರ ಗರ್ಭ ಎಂಟು ಮುಖದ್ದು. ಚಕ್ರವರ್ತಿಗಳ ಹಳೆಯ ಕಿರೀಟದಲ್ಲೂ ಎಂಟು ತಗಡು. 1229ರಲ್ಲಿ ಜೆರುಸಲೇಮಿಗೆ ಹೋದಾಗ ಕಂಡ, ಬಂಡೆಯ ಗುಮ್ಮಟ ಎಂಬ ಮುಸ್ಲಿಮರ ಪವಿತ್ರ ಕಟ್ಟಡವೂ ಎಂಟು ಮುಖದ್ದೇ. ಇಟಲಿಯ ಊರೂರಿನಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವ ಮಂಟಪಗಳೂ ಬಹಳಷ್ಟು ಹಾಗೇ ಇವೆ. ಅಧಿಕಾರ, ದೇವರು ಎರಡಕ್ಕೂ ಒಪ್ಪುವ ಆಕಾರವನ್ನು ಕಣ್ಣು ತುಂಬ ನೋಡಿಕೊಂಡು ಬಂದ ದೊರೆ, ರೇಖಾಗಣಿತದ ಹುಚ್ಚಿದ್ದವನು, ಒಂದನ್ನು ತನಗೂ ಕಟ್ಟಿಸಿಕೊಂಡ. ನಾಡಿನಗಲಕ್ಕೆ ಲುಚೆರಾ, ಬಾರಿ, ಕತಾನಿಯಾ, ಸಿರಾಕ್ಯೂಸ್ ಎಂದು ದಂಡಿನ ಕೋಟೆಗಳನ್ನು ಸಾಲಾಗಿ ಕಟ್ಟಿಸಿದವನಿಗೆ ಈ ಗುಡ್ಡದ ಮೇಲೆ ದಂಡು ಬೇಕಿರಲಿಲ್ಲ. ಹತ್ತೂರಿಗೆ ಕಾಣುವ ಹಾಗೆ ತನ್ನ ದೊರೆತನವನ್ನು ನಿಲ್ಲಿಸಬೇಕಿತ್ತು, ಮನಸ್ಸು ಬಂದಾಗ ಡೇಗೆ ಹಾರಿಸಬೇಕಿತ್ತು. ಹಾಗಾಗಿ ಅಡುಗೆಮನೆ ಮುಖ್ಯವಾಗಲಿಲ್ಲ.

ಡೇಗೆಯಾದರೂ ಹಾರಿಸಿದನೇ? ಅವನು ಇಲ್ಲಿ ಒಂದು ರಾತ್ರಿಯಾದರೂ ತಂಗಿದ್ದನೆಂದು ಹೇಳುವ ದಾಖಲೆ ಇಲ್ಲ. 1248ರ ಫೆಬ್ರವರಿಯಲ್ಲಿ ಪಾರ್ಮಾ ನಗರಕ್ಕೆ ಮುತ್ತಿಗೆ ಹಾಕಿ ಕೂತಿದ್ದಾಗ ಒಂದು ಬೆಳಿಗ್ಗೆ ಬೇಟೆಗೆ ಹೋದ. ಅದೇ ಹೊತ್ತು ನೋಡಿ ಊರಿನವರು ನುಗ್ಗಿ ಅವನ ಶಿಬಿರ ಸುಟ್ಟರು. ಖಜಾನೆ, ಕಿರೀಟ, ಡೇಗೆ ಗ್ರಂಥದ ಅವನದೇ ಪ್ರತಿ ಎಲ್ಲವೂ ಲೂಟಿಯಾದವು. 1250ರ ಡಿಸೆಂಬರ್ 13ರಂದು ಇದೇ ಪುಲಿಯಾದ ಕಾಸ್ಟೆಲ್ ಫಿಯೊರೆಂತಿನೊದಲ್ಲಿ ತೀರಿಕೊಂಡ. ಸಮಾಧಿ ಪಲೆರ್ಮೊದಲ್ಲಿ, ಕೆಂಪು ಪೋರ್ಫಿರಿ ಕಲ್ಲಿನ ಪೆಟ್ಟಿಗೆಯಲ್ಲಿ.

ಕೋಟೆಯಲ್ಲಿ ದೀರ್ಘಕಾಲ ಇದ್ದವರೆಂದು ಖಚಿತವಾಗಿ ಗೊತ್ತಿರುವುದು ಅವನ ಮೊಮ್ಮಕ್ಕಳು, ಅದೂ ಸಂಕೋಲೆಯಲ್ಲಿ. 1266ರಲ್ಲಿ ಬೆನೆವೆಂತೊ ಯುದ್ಧದಲ್ಲಿ ಫ್ರೆಡರಿಕನ ಮಗ ಮಾನ್‌ಫ್ರೆಡ್ ಸತ್ತ. ಗೆದ್ದ ಫ್ರೆಂಚ್ ರಾಜಕುಮಾರ ಆಂಜೂ ಮನೆತನದ ಚಾರ್ಲ್ಸ್ ಮಾನ್‌ಫ್ರೆಡ್‌ನ ಮೂವರು ಎಳೆಯ ಗಂಡುಮಕ್ಕಳನ್ನು ಹಿಡಿದು ಸೆರೆಗೆ ಹಾಕಿದ, ಈ ಕೋಟೆ ಅವರ ಸೆರೆಮನೆಯಾಯಿತು. ತಾಯಿ ಎಲೆನಾ ಬೇರೊಂದು ಕೋಟೆಯ ಸೆರೆಯಲ್ಲಿ 1271ರಲ್ಲಿ ಸತ್ತಳು. 1299ರಲ್ಲಿ ಹುಡುಗರನ್ನು ನೇಪಲ್ಸಿನ ಸಮುದ್ರಕೋಟೆಗೆ ಸಾಗಿಸಿದರು. ಆ ಹೊತ್ತಿಗೆ ಹುಡುಗರು ಮೂವತ್ತು ದಾಟಿದ ಗಂಡಸರು. ಹಿರಿಯವನು ಎನ್ರೀಕೊ 1318ರಲ್ಲಿ ಸೆರೆಯಲ್ಲೇ ತೀರಿಕೊಂಡ. ಅಂಗಳದ ಭಾಷಣದಲ್ಲಿ ಪಿರಮಿಡ್ಡಿಗೆ ಹತ್ತು ನಿಮಿಷ ಸಿಕ್ಕಿತು, ಈ ಮಕ್ಕಳಿಗೆ ಒಂದು ವಾಕ್ಯವೂ ಸಿಗಲಿಲ್ಲ.

ಉಳಿದ ಕತೆ ಬೇಗ ಮುಗಿಯುತ್ತದೆ. 1552ರಲ್ಲಿ ಕರಾಫಾ ಮನೆತನದವರು ಕೊಂಡುಕೊಂಡರು. 1656ರ ಪ್ಲೇಗಿನಲ್ಲಿ ಆಂಡ್ರಿಯಾದ ಸಿರಿವಂತರು ಬಂದು ಅಡಗಿದರು. ಆಮೇಲೆ ಹೇಳಕೇಳುವವರಿಲ್ಲ. ಅಮೃತಶಿಲೆಯನ್ನು ಕಿತ್ತುಕೊಂಡು ಹೋದರು, ಕುರುಬರು ಮಂದೆ ಕೂಡಿದರು, ದರೋಡೆಕೋರರು ಬೆಂಕಿ ಕಾಯಿಸಿಕೊಂಡರು. ಗೋಡೆಗಳ ಮೇಲಿದ್ದ ಕಲ್ಲಿನ ಹೊದಿಕೆ, ನೆಲದ ಮೊಸಾಯಿಕ್ ಈಗ ಚೂರುಪಾರು ಮಾತ್ರ. ಇಂದು ಎಲ್ಲರೂ ಹೊಗಳುವ ಆ ಬೋಳು ಸೌಂದರ್ಯದ ಅರ್ಧ ಪಾಲು ಕಳ್ಳರದ್ದು. 1876ರಲ್ಲಿ ಇಟಲಿ ಸರ್ಕಾರ 25,000 ಲಿರಾ ಕೊಟ್ಟು ಕೊಂಡಿತು. ಜೀರ್ಣೋದ್ಧಾರ ಹಂತಹಂತವಾಗಿ ನಡೆಯಿತು. 1996ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ನೀವು ಹೋಗುವುದಾದರೆ ಬೇಸಿಗೆಯ ನಡುಹಗಲು ಬೇಡ, ಬಿಳಿಕಲ್ಲು ಕಣ್ಣು ಕುಕ್ಕುತ್ತದೆ. ಕೆಳಗಿನಿಂದ ಬಸ್ಸಿದ್ದರೂ ನಡೆದೇ ಹತ್ತಿ. ಒಳಗೆ ಹೋದವರು ಮೊದಲು ಶೌಚದ ಗೋಪುರವನ್ನೂ ನೀರಿನ ಕಾಲುವೆಗಳನ್ನೂ ನೋಡಿ, ಆಮೇಲೆ ಬೇಕಾದರೆ ಎಂಟರ ಲೆಕ್ಕ ಕೇಳಿಸಿಕೊಳ್ಳಿ. ಊಟಕ್ಕೆ ಆಂಡ್ರಿಯಾಗೆ ಇಳಿಯಿರಿ. ಕೆನೆ ತುಂಬಿದ ಬುರ್ರಾಟಾ ಗಿಣ್ಣು ಹುಟ್ಟಿದ ಊರದು, ಅದನ್ನು ಮಾಡಿದ ದಿನವೇ ತಿನ್ನಬೇಕು.